ಗಾದಿ, ನಮ್ದಾ ಮತ್ತು ಬೆನ್ನುಚೀಲ

ದಸರೆಗೆ ಮುಂಚೆ ಪ್ರತಿ ವರ್ಷ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಡುತ್ತದೆ. ಮತ್ತಿಗೋಡು, ಬಳ್ಳೆ, ಭೀಮನಕಟ್ಟೆ ಮೊದಲಾದ ಶಿಬಿರಗಳ ಆನೆಗಳು ಪೂಜೆ ಮುಗಿಸಿಕೊಂಡು ಮೈಸೂರಿನ ಹಾದಿ ಹಿಡಿಯುತ್ತವೆ. ಮೈಸೂರು ಸೇರಿದ ಮೇಲೆ ಅವಕ್ಕೆ ಕಾದಿರುವ ಮೊದಮೊದಲ ಕೆಲಸಗಳಲ್ಲಿ ತೂಕ ಒಂದು. ಧನ್ವಂತರಿ ರಸ್ತೆಯ ವೇ ಬ್ರಿಡ್ಜ್ ಮೇಲೆ ಒಂದೊಂದಾಗಿ ನಿಲ್ಲಿಸಿ ತೂಗುತ್ತಾರೆ. ಈಚಿನ ದಸರೆಗಳಲ್ಲಿ ಅಂಬಾರಿ ಹೊತ್ತ ಆನೆ ಅಭಿಮನ್ಯುವಿನ ತೂಕ 5,000 ಕೆ.ಜಿ. ಮೀರುತ್ತದೆ. ಅವನ ಬೆನ್ನೇರುವ ಚಿನ್ನದ ಅಂಬಾರಿ 750 ಕೆ.ಜಿ. ಅಂದರೆ ಮೈತೂಕದ ಏಳನೇ ಒಂದು ಪಾಲಿನಷ್ಟು. ಗಾದಿ, ನಮ್ದಾ, ಹಗ್ಗ ಎಲ್ಲ ಸೇರಿದಾಗ ಅದು ಐದನೇ ಒಂದು ಪಾಲಿನ ಹತ್ತಿರಕ್ಕೆ ಬರುತ್ತದೆ. ನಡೆಯಬೇಕಾದ ದೂರ ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು 5 ಕಿಲೋಮೀಟರ್. ಇಷ್ಟು ದೂರಕ್ಕೆ ವಾರಗಟ್ಟಲೆ ತಾಲೀಮು ನಡೆಯುತ್ತದೆ. ಮೊದಲು ಬರಿ ಮೈಯಲ್ಲಿ ನಡಿಗೆ, ಆಮೇಲೆ ಗಾದಿ ಕಟ್ಟಿ ತೊಟ್ಟಿಲಲ್ಲಿ ಮರಳು ಮೂಟೆ, ಮೂಟೆಯ ತೂಕ ದಿನದಿನಕ್ಕೆ ಏರಿಕೆ, ಕೊನೆಗೆ ಮರದ ಅಂಬಾರಿ.

ಹೊರೆಯ ವಿಜ್ಞಾನದ ಮುಖ್ಯ ಪಾಠಗಳೆಲ್ಲ ಈ ಕೆಲಸದಲ್ಲಿವೆ. ಹೊರುವ ಜೀವದ ತೂಕ ಮೊದಲು ತಿಳಿಯಬೇಕು, ಹೊರೆಯ ತೂಕ ಆಮೇಲೆ. ಆನೆಯ ಬೆನ್ನುಮೂಳೆಯ ಮೇಲ್ಮುಳ್ಳುಗಳು ಚರ್ಮದ ಕೆಳಗೇ ಎದ್ದು ನಿಂತಿರುತ್ತವೆ. ಅಂಬಾರಿಯ ಭಾರ ನೇರ ಅವುಗಳ ಮೇಲೆ ಕುಳಿತರೆ ಗಾಯ ಖಂಡಿತ. ನಮ್ದಾ ಹಾಸಿ, ಅದರ ಮೇಲೆ ದಪ್ಪನೆಯ ಗಾದಿ ಕಟ್ಟಿದಾಗ ಭಾರ ಬೆನ್ನುಮೂಳೆಯನ್ನು ಬಿಟ್ಟು ಎರಡೂ ಪಕ್ಕದ ಪಕ್ಕೆಲುಬುಗಳ ಅಗಲಕ್ಕೆ ಹರಡುತ್ತದೆ. ಹಗ್ಗವನ್ನು ಎಳೆದು ಬಿಗಿಯುವುದು ಅಂಬಾರಿ ಮೈಗೆ ಅಂಟಿಕೊಂಡಿರಲಿ, ಹೆಜ್ಜೆ ಹೆಜ್ಜೆಗೂ ತೂಗಾಡದಿರಲಿ ಎಂದು. ಮಾವುತರು, ಕಾವಾಡಿಗಳು ತಲೆಮಾರುಗಳಿಂದ ಬಲ್ಲ ಈ ವಿದ್ಯೆಯನ್ನು ಮನುಷ್ಯರ ಬೆನ್ನಿಗೆ ಚೀಲ ಹೊಲಿಯುವವರು ತಮ್ಮ ದಾರಿಯಲ್ಲಿ ಕಂಡುಕೊಳ್ಳಲು ಬಹಳ ಕಾಲ ಹಿಡಿಯಿತು.

ಅದೇ ಹುಣಸೂರಿನಲ್ಲಿ ಒಂದು ಕಾಲಕ್ಕೆ ಮನುಷ್ಯರ ಬೆನ್ನುಚೀಲಗಳೂ ತಯಾರಾಗುತ್ತಿದ್ದವು ಎಂಬುದು ಊರಿನವರಲ್ಲೇ ಬಹಳ ಮಂದಿಗೆ ತಿಳಿದಂತಿಲ್ಲ. 19ನೇ ಶತಮಾನದಲ್ಲಿ ಅಮೃತಮಹಲ್ ದನಗಳ ಕೇಂದ್ರ ಇಲ್ಲಿತ್ತು. ಮದ್ರಾಸು ಸೇನೆಗಾಗಿ ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿ ತಯಾರಿಕೆ, ಮರದ ಡಿಪೊ ಎಲ್ಲವೂ ಇದ್ದವು. ಸರ್ಕಾರಿ ಕಾರ್ಖಾನೆ ಮುಚ್ಚಿದ ಮೇಲೂ ಗಾಡಿ, ಬೂಟು, ಸಿಪಾಯಿಗಳ ಹೆಗಲಚೀಲ, ಕಂಬಳಿಗಳಿಗೆ ಊರು ಹೆಸರಾಗಿಯೇ ಉಳಿಯಿತು. ಆ ಕಾಲದ ಸೈನ್ಯದ ಚೀಲವೆಂದರೆ ಗಟ್ಟಿ ಚರ್ಮ ಅಥವಾ ಕ್ಯಾನ್ವಾಸು, ಹೆಗಲಿಗೆ ಕಿರಿದಾದ ಎರಡು ಚರ್ಮದ ಪಟ್ಟಿ. ಭಾರವೆಲ್ಲ ಹೆಗಲ ಮೇಲೆ. ಸೊಂಟಕ್ಕೆ ಕೆಲಸವಿಲ್ಲ.

ಇದರಲ್ಲಿ ತೊಂದರೆ ಏನು ಎಂದು ನೋಡಲು ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರಕ್ಕೆ ಹೋಗಬಹುದು. ಸಿಡಿಲು ಮಲ್ಲಿಕಾರ್ಜುನನ ಗುಡಿಗೆ ಕಲ್ಲಿನ ಮೆಟ್ಟಿಲುಗಳ ಉದ್ದನೆಯ ಸಾಲು ಇದೆ. 10 ಕೆ.ಜಿ. ಚೀಲ ಹೊತ್ತು ಅಂಥ ಮೆಟ್ಟಿಲುಗಳಲ್ಲಿ 300 ಮೀಟರ್ ಎತ್ತರಕ್ಕೆ ಏರಿದಿರಿ ಎಂದುಕೊಳ್ಳೋಣ. ಚೀಲವನ್ನು ಅಷ್ಟು ಮೇಲೆತ್ತಲು ಬೇಕಾದ ಕೆಲಸ ಸುಮಾರು 29 ಕಿಲೋಜೂಲ್. ನಮ್ಮ ಸ್ನಾಯುಗಳು ತಿಂದ ಅನ್ನದ ಶಕ್ತಿಯಲ್ಲಿ ಕಾಲು ಭಾಗವನ್ನಷ್ಟೇ ಕೆಲಸಕ್ಕೆ ತಿರುಗಿಸಬಲ್ಲವು, ಉಳಿದದ್ದು ಶಾಖ. ಆ ಲೆಕ್ಕದಲ್ಲಿ ಖರ್ಚು 118 ಕಿಲೋಜೂಲ್, ಅಂದರೆ 28 ಕಿಲೋಕ್ಯಾಲರಿ. ಏಳೆಂಟು ಗ್ರಾಂ ಬೆಲ್ಲದಲ್ಲಿ ಇರುವಷ್ಟು! ಚಿಕ್ಕದೊಂದು ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡರೆ ಚೀಲದ ಏರಿಕೆಯ ಸಾಲ ತೀರಿತು. ಹಾಗಿದ್ದರೆ ಅರ್ಧ ಬೆಟ್ಟದಲ್ಲೇ ಹೆಗಲು ಉರಿಯುವುದು, ಕೈಬೆರಳು ಜೋಮು ಹಿಡಿಯುವುದು, ಇಳಿಯುವಾಗ ಮಂಡಿ ನಡುಗುವುದು ಏಕೆ? ಭಾರ ಮೈಯ ಯಾವ ಜಾಗವನ್ನು, ಎಷ್ಟು ಅಗಲದಲ್ಲಿ, ಎಷ್ಟು ಹೊತ್ತು ಒತ್ತುತ್ತದೆ ಎಂಬುದರಲ್ಲಿ ಉತ್ತರ ಇದೆ.

12 ಕೆ.ಜಿ. ಚೀಲ ಪೂರ್ತಿ ಹೆಗಲಿಗೇ ಜೋತುಬಿದ್ದಿದೆ ಎನ್ನೋಣ. ಎರಡು ಪಟ್ಟಿಗಳೂ ಸೇರಿ ನಿಜವಾಗಿ ಭಾರ ತಾಳುವ ಜಾಗ 120 ಚದರ ಸೆಂ.ಮೀ. ಇದ್ದರೆ ಒತ್ತಡ ಸುಮಾರು 10 ಕಿಲೋಪಾಸ್ಕಲ್ ಆಗುತ್ತದೆ. ರಕ್ತದೊತ್ತಡ ಅಳೆಯುವ ಲೆಕ್ಕದಲ್ಲಿ ಹೇಳಿದರೆ ಪಾದರಸದ 74 ಮಿಲಿಮೀಟರ್. ಚರ್ಮದ ಸೂಕ್ಷ್ಮ ರಕ್ತನಾಳಗಳಲ್ಲಿ ಹರಿಯುವ ರಕ್ತದ ಒತ್ತಡ 30 ಮಿಲಿಮೀಟರ್ ಆಸುಪಾಸಿನದು. ಹೊರಗಿನ ಒತ್ತಡ ಅದರ ಎರಡು ಪಟ್ಟು ಮೀರಿದರೆ ಪಟ್ಟಿಯ ಕೆಳಗೆ ರಕ್ತ ಸಲೀಸಾಗಿ ಹರಿಯದು. ಉರಿ ಅಲ್ಲಿಂದ ಶುರು. ಕತ್ತಿನಿಂದ ಹೊರಟು ಕೊರಳೆಲುಬಿನ ಹಿಂಭಾಗದಲ್ಲಿ ಹಾದು ತೋಳಿಗೆ ಇಳಿಯುವ ನರಗಳ ಗೊಂಚಲೂ ಅಲ್ಲೇ ಇದೆ. ದಿನಗಟ್ಟಲೆ ಭಾರ ಹೊತ್ತ ಸೈನಿಕರಲ್ಲಿ ಈ ನರಗಳು ನಲುಗಿ ತೋಳು ಎತ್ತಲಾಗದೆ ಹೋಗುವುದುಂಟು. ವೈದ್ಯರು ಇದಕ್ಕೆ ಬೆನ್ನುಚೀಲದ ಹೆಸರನ್ನೇ ಇಟ್ಟಿದ್ದಾರೆ.

ಹೆಗಲಿಗೆ ಹೋಲಿಸಿದರೆ ಸೊಂಟದ ಮೂಳೆ ಬಂಡೆ. ಅದರ ಏಣಿನ ಮೇಲೆ ಪಟ್ಟಿ ಕಟ್ಟಿ, ಚೀಲದೊಳಗೆ ಒಂದು ಗಟ್ಟಿ ಚೌಕಟ್ಟು ಇಟ್ಟರೆ ಭಾರದ ಒಂದು ಪಾಲು ಹೆಗಲನ್ನು ತಟ್ಟದೆ ಚೌಕಟ್ಟಿನ ಮೂಲಕ ನೇರ ಸೊಂಟಕ್ಕೆ, ಅಲ್ಲಿಂದ ತೊಡೆಮೂಳೆಗೆ ಇಳಿಯುತ್ತದೆ. ಅಮೆರಿಕದ ಡಿಕ್ ಕೆಲ್ಟಿ 1952ರಲ್ಲಿ ಅಲ್ಯೂಮಿನಿಯಂ ಚೌಕಟ್ಟು ಮತ್ತು ಸೊಂಟಪಟ್ಟಿ ಇರುವ ಚೀಲಗಳನ್ನು ಮಾರಲು ತೊಡಗಿದ ಮೇಲೆ ಈ ವಿಚಾರ ಚಾರಣಿಗರ ನಡುವೆ ಹರಡಿತು. 2004ರಲ್ಲಿ ಪ್ರಕಟವಾದ ಒಂದು ಅಳತೆಯ ಪ್ರಕಾರ ಚೌಕಟ್ಟು ಮತ್ತು ಸೊಂಟಪಟ್ಟಿ ಸೇರಿದಾಗ ಕೆಳಮುಖ ಭಾರದ ಸುಮಾರು ಶೇ 30ರಷ್ಟನ್ನು ಸೊಂಟದ ಭಾಗ ಹೊರುತ್ತದೆ. ಅಂಗಡಿಯವರು ಹೇಳುವುದಕ್ಕಿಂತ ಇದು ಕಡಿಮೆ. ಆದರೂ 12 ಕೆ.ಜಿ.ಯಲ್ಲಿ ಮೂರೂವರೆ ಕೆ.ಜಿ. ಹೆಗಲಿಂದ ಇಳಿಯಿತೆಂದರೆ ಸಂಜೆಯ ಹೊತ್ತಿಗೆ ಅದರ ಬೆಲೆ ಗೊತ್ತಾಗುತ್ತದೆ. ಚೌಕಟ್ಟಿಲ್ಲದ ಚೀಲಕ್ಕೆ ಬರಿಯ ಬಟ್ಟೆಯ ಸೊಂಟಪಟ್ಟಿ ಇದ್ದರೆ ಅದು ಚೀಲ ಅಲುಗದಂತೆ ಹಿಡಿಯುತ್ತದೆ, ಅಷ್ಟೇ. ಭಾರ ಇಳಿಸಿಕೊಳ್ಳುವುದಿಲ್ಲ.

ಭಾರ ಎಲ್ಲಿ ಕೂರಬೇಕು ಎಂಬುದಕ್ಕೆ ನಮ್ಮ ಕಡೆಯ ಹೆಂಗಸರು ಕೊಟ್ಟ ಉತ್ತರ ತಲೆ. ಸಿಂಬೆ ಸುತ್ತಿ ಅದರ ಮೇಲೆ ನೀರಿನ ಬಿಂದಿಗೆ, ಸೌದೆ ಹೊರೆ, ಹೊಗೆಸೊಪ್ಪಿನ ಕಾಲದಲ್ಲಿ ಹಸಿ ಸೊಪ್ಪಿನ ಕಟ್ಟು. ತಲೆಹೊರೆಯ ಗುರುತ್ವ ಕೇಂದ್ರ ಬೆನ್ನುಮೂಳೆಯ ಗೆರೆಯ ಮೇಲೇ ನಿಲ್ಲುತ್ತದೆ. ಹಿಂದಕ್ಕೆ ಎಳೆಯುವುದಿಲ್ಲ, ಮುಂದಕ್ಕೆ ಬಗ್ಗಿಸುವುದಿಲ್ಲ. ಕೀನ್ಯಾದ ಲುವೊ ಮತ್ತು ಕಿಕುಯು ಹೆಂಗಸರನ್ನು ಪರೀಕ್ಷಿಸಿ 1986ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಸಂಶೋಧನೆ ಎಲ್ಲರನ್ನೂ ಬೆರಗುಗೊಳಿಸಿತು. ಮೈತೂಕದ ಶೇ 20ರವರೆಗಿನ ತಲೆಹೊರೆಗೆ ಅವರ ಉಸಿರಾಟದಲ್ಲಿ ಆಮ್ಲಜನಕದ ಖರ್ಚು ಹೆಚ್ಚಲೇ ಇಲ್ಲ. ಕಾರಣವನ್ನು 1995ರಲ್ಲಿ ಕಂಡುಕೊಂಡರು. ನಡೆಯುವಾಗ ಪ್ರತಿ ಹೆಜ್ಜೆಗೂ ಮೈ ತುಸು ಏರಿ ಇಳಿಯುತ್ತದೆ. ಏರಿದಾಗ ಕೂಡಿಟ್ಟ ಶಕ್ತಿಯನ್ನು ಇಳಿಯುವಾಗ ಮುಂದಿನ ಚಲನೆಗೆ ತಿರುಗಿಸಿಕೊಳ್ಳುವುದರಲ್ಲಿ ನಮ್ಮೆಲ್ಲರಿಗೂ ಒಂದಷ್ಟು ಸೋರಿಕೆ ಇದೆ. ಹೊರೆ ಹೊತ್ತಾಗ ಆ ಹೆಂಗಸರ ನಡಿಗೆಯಲ್ಲಿ ಸೋರಿಕೆ ಕಡಿಮೆಯಾಗುತ್ತಿತ್ತು.

2005ರಲ್ಲಿ ನೇಪಾಳದ ಹೊರೆಯಾಳುಗಳ ಸರದಿ. ನಾಮ್ಚೆ ಬಜಾರಿನ ಸಂತೆಗೆ ನೂರು ಕಿಲೋಮೀಟರಿನಷ್ಟು ಏರಿಳಿತದ ದಾರಿಯಲ್ಲಿ ಬುಟ್ಟಿ ಹೊತ್ತು ಬರುವ ಇವರು ಬುಟ್ಟಿಯ ಪಟ್ಟಿಯನ್ನು ಹಣೆಯ ಮೇಲ್ಭಾಗಕ್ಕೆ ಕೊಡುತ್ತಾರೆ. ಗಂಡಸರು ಹೊತ್ತಿದ್ದ ಸರಾಸರಿ ಭಾರ ಮೈತೂಕದ ಶೇ 93, ಹೆಂಗಸರು ಶೇ 66. ಭಾರಿ ಹೊರೆಗಳಲ್ಲಿ ಇವರ ಶಕ್ತಿಯ ಖರ್ಚು ಕೀನ್ಯಾದವರಿಗಿಂತಲೂ ಕಡಿಮೆ. ಇವರ ಕ್ರಮ ನಿಧಾನ ನಡಿಗೆ ಮತ್ತು ಮತ್ತೆ ಮತ್ತೆ ನಿಲುಗಡೆ. ನಿಂತಾಗ ಬುಟ್ಟಿಗೆ ಕೈಗೋಲು ಊರಿ ಭಾರ ಇಳಿಸುತ್ತಾರೆ. ನಮ್ಮ ಹಳೆಯ ದಾರಿಗಳ ಪಕ್ಕ ತಲೆಹೊರೆ ಇಳಿಸಿ ದಣಿವಾರಿಸಿಕೊಳ್ಳಲೆಂದೇ ಎತ್ತರಕ್ಕೆ ನಿಲ್ಲಿಸಿದ ಕಲ್ಲುಗಳು ಇದ್ದದ್ದೂ ಇದೇ ಕಾರಣಕ್ಕೆ. ಇದನ್ನು ಓದಿದವರು ನಾಳೆಯೇ ತಲೆಯ ಮೇಲೆ ಚೀಲ ಹೊತ್ತು ಚಾರಣ ಹೊರಡಬಾರದು. ಆ ನಡಿಗೆಗೆ ಚಿಕ್ಕಂದಿನ ಅಭ್ಯಾಸ ಬೇಕು, ಕತ್ತಿನ ಮೂಳೆಗಳು ಅದಕ್ಕೆ ತೆರುವ ಬೆಲೆಯೂ ಸಣ್ಣದಲ್ಲ.

ಬೆನ್ನ ಮೇಲೆ ಹೊರುವವರು ಇದರಿಂದ ಕಲಿಯಬೇಕಾದ್ದು ಗುರುತ್ವ ಕೇಂದ್ರದ ಮಾತನ್ನು. 10 ಕೆ.ಜಿ. ಚೀಲದ ಗುರುತ್ವ ಕೇಂದ್ರ ಬೆನ್ನಿನಿಂದ 10 ಸೆಂ.ಮೀ. ಹಿಂದಕ್ಕೆ ಸರಿಯಿತು ಎನ್ನಿ. ಮೈ ಹಿಂದಕ್ಕೆ ವಾಲದಂತೆ ಹಿಡಿಯುವ ಹೊಟ್ಟೆಯ ಸ್ನಾಯುಗಳು ಬೆನ್ನುಮೂಳೆಯ ನಡುಗೆರೆಯಿಂದ ಕೆಲವೇ ಸೆಂಟಿಮೀಟರ್ ದೂರದಲ್ಲಿವೆ. ಆ ಗಿಡ್ಡ ಸನ್ನೆಯನ್ನು 10 ಸೆಂ.ಮೀ. ಎಂದು ಹಿಡಿದರೂ, ಹಿಂದಕ್ಕೆ ಸರಿದ 10 ಕೆ.ಜಿ.ಯನ್ನು ಸರಿದೂಗಿಸಲು ಅವು ಇನ್ನೊಂದು 10 ಕೆ.ಜಿ. ಭಾರ ಎತ್ತುವಷ್ಟು ಜೋರಾಗಿ ಹೆಚ್ಚುವರಿಯಾಗಿ ಎಳೆಯಬೇಕು. ಇಲ್ಲವಾದರೆ ಮೈ ಮುಂದಕ್ಕೆ ಬಾಗಬೇಕು, ದಿನವಿಡೀ. ಆದ್ದರಿಂದ ನೀರು, ಅಕ್ಕಿ, ಒಲೆಯಂಥ ತೂಕದ ಸಾಮಾನು ಬೆನ್ನಿಗೆ ಒತ್ತಿಕೊಂಡು, ಬೆನ್ನಿನ ನಡು ಎತ್ತರದಲ್ಲಿ ಇರಲಿ. ಹೊದಿಕೆ, ಬಟ್ಟೆ ತಳದಲ್ಲೂ ಹೊರಗಡೆಗೂ ಹೋಗಲಿ. ಚೀಲದ ಹಿಂದೆ ದೊಡ್ಡ ದೊಡ್ಡ ಜೇಬುಗಳಿದ್ದರೆ ತುಂಬುವ ಆಸೆಯಾಗುತ್ತದೆ. ಅಂಥ ಚೀಲ ನೋಡಲು ಚೆಂದ, ಹೊರಲು ಕಷ್ಟ.

ಪಾದದ ವಿಚಾರವನ್ನೂ ಇಲ್ಲೇ ಹೇಳಿಬಿಡಬೇಕು. 1969ರಲ್ಲಿ ಸೋಲ್ ಮತ್ತು ಗೋಲ್ಡ್‌ಮನ್ ಅಳೆದು ತೋರಿಸಿದ ಹಾಗೆ ಒಂದು ಕೆ.ಜಿ.ಯನ್ನು ಪಾದಕ್ಕೆ ಕಟ್ಟಿದರೆ ಅದೇ ಕೆ.ಜಿ. ಮೈಗೆ ಅಂಟಿ ಇದ್ದಾಗ ಆಗುವ ಖರ್ಚಿನ ನಾಲ್ಕರಿಂದ ಆರು ಪಟ್ಟು ಆಗುತ್ತದೆ. ಪಾದವನ್ನು ಪ್ರತಿ ಹೆಜ್ಜೆಗೂ ಎತ್ತಿ, ಬೀಸಿ, ಮತ್ತೆ ನಿಲ್ಲಿಸಬೇಕಲ್ಲ. ಸಾವಿರಾರು ರೂಪಾಯಿ ಕೊಟ್ಟು ಚೀಲದಲ್ಲಿ ಅರ್ಧ ಕೆ.ಜಿ. ಉಳಿಸಿ, ಕಾಲಿಗೆ ದಪ್ಪ ಬೂಟು ಹಾಕಿಕೊಂಡರೆ ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ.

ಇಷ್ಟೂ ಹೇಳಿದ ಮೇಲೆ ಚೀಲ ಆರಿಸುವ ಮಾತಿಗೆ ಬರುತ್ತೇನೆ, ಮತ್ತು ನನ್ನ ಖಚಿತ ಅಭಿಪ್ರಾಯ ಇದು: ಚೀಲವನ್ನು ಕೊನೆಗೆ ಕೊಳ್ಳಬೇಕು. ನಮ್ಮಲ್ಲಿ ಪುಷ್ಪಗಿರಿಗೋ ತಡಿಯಂಡಮೋಳಿಗೋ ಹೊರಡುವ ಹುಡುಗರು ಮೊದಲು 60 ಲೀಟರಿನ ಚೀಲ ಕೊಂಡು, ಆಮೇಲೆ ಅದರಲ್ಲಿ ಏನೇನು ಹಿಡಿಯುತ್ತದೆ ಎಂದು ತುಂಬುತ್ತಾರೆ. ಖಾಲಿ ಜಾಗ ಇದ್ದರೆ ಸಾಮಾನು ತಾನಾಗಿ ಬರುತ್ತದೆ. ಮೊದಲು ಹೊರಬೇಕಾದ್ದನ್ನೆಲ್ಲ ನೆಲದ ಮೇಲೆ ಹರಡಿ, ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ ಬರೆದಿಡಬೇಕು. ದೂರ ನಡೆಯುವವರು ಬುತ್ತಿ, ನೀರು, ಉರುವಲು ಬಿಟ್ಟು ಉಳಿದದ್ದರ ತೂಕವನ್ನು ಮೂಲತೂಕ ಎಂದು ಲೆಕ್ಕ ಹಾಕುತ್ತಾರೆ. ಅದು 9 ಕೆ.ಜಿ.ಯ ಒಳಗಿದ್ದರೆ ಹಗುರ, 4.5 ಕೆ.ಜಿ.ಯ ಒಳಗಿದ್ದರೆ ಅತಿ ಹಗುರ. ಒಟ್ಟು ಹೊರೆ 9–10 ಕೆ.ಜಿ. ದಾಟದು ಎನ್ನುವವರಿಗೆ ಚೌಕಟ್ಟಿಲ್ಲದ, ಅರ್ಧ ಕೆ.ಜಿ. ತೂಗುವ ಚೀಲ ಸಾಕು. ದಾಟುವುದಾದರೆ ಚೌಕಟ್ಟೂ ಸೊಂಟಪಟ್ಟಿಯೂ ಬೇಕು. ಆಗ ಚೀಲವೇ ಒಂದು ಕೆ.ಜಿ. ಆದರೂ ಅದು ದಂಡವಲ್ಲ. ಹೆಗಲು ಹೊರಲಾರದ 14 ಕೆ.ಜಿ.ಯನ್ನು ತೆಳ್ಳನೆ ಚೀಲದಲ್ಲಿ ತುಂಬುವುದು ತಪ್ಪು ಉಳಿತಾಯ.

ಹಗುರ ನಡಿಗೆಗೆ ದುಬಾರಿ ಸಾಮಾನು ಬೇಕೇ ಬೇಕೆಂದಿಲ್ಲ. 1955ರಲ್ಲಿ ಎಮ್ಮಾ ಗೇಟ್‌ವುಡ್ ಎಂಬ ಅಮೆರಿಕದ ಅಜ್ಜಿ, ಹನ್ನೊಂದು ಮಕ್ಕಳ ತಾಯಿ, ತನ್ನ 67ನೇ ವಯಸ್ಸಿನಲ್ಲಿ 3,300 ಕಿಲೋಮೀಟರಿನ ಅಪಲೇಚಿಯನ್ ದಾರಿಯನ್ನು ಒಬ್ಬಳೇ ನಡೆದು ಮುಗಿಸಿದಳು. ಹೆಗಲಿಗೆ ಡೆನಿಮ್ ಬಟ್ಟೆಯಲ್ಲಿ ತಾನೇ ಹೊಲಿದ ಒಂದು ಚೀಲ, ಕಾಲಿಗೆ ಕ್ಯಾನ್ವಾಸ್ ಶೂ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ, ಹೊದೆಯಲು ಒಂದು ಕಂಬಳಿ. ನಮ್ಮ ಕಡೆಯವರಿಗೆ ಈ ಚಿತ್ರ ಹೊಸದೇನಲ್ಲ. ಶಿವರಾತ್ರಿಯ ಹೊತ್ತಿಗೆ ಧರ್ಮಸ್ಥಳಕ್ಕೋ ಮಹದೇಶ್ವರ ಬೆಟ್ಟಕ್ಕೋ ಹಳೇ ಮೈಸೂರು ಸೀಮೆಯಿಂದ ನಡೆದು ಹೋಗುವವರ ಹೆಗಲಲ್ಲಿ ಇರುವುದು ಒಂದು ಜೊತೆ ಬಟ್ಟೆ, ಒಂದು ಹೊದಿಕೆ, ಒಂದು ಲೋಟ. ಆ ಚೀಲ ಅಷ್ಟು ಹಗುರವಾಗಿರುವುದು ದಾರಿಯ ಊರುಗಳಿಂದಾಗಿ. ಮಜ್ಜಿಗೆ ಪಾನಕದ ಅರವಟ್ಟಿಗೆಗಳು, ಊಟ ಬಡಿಸುವ ಛತ್ರಗಳು, ಮಲಗಲು ಬಿಟ್ಟುಕೊಟ್ಟ ಶಾಲೆಯ ಜಗಲಿಗಳು ಉಳಿದ ಹೊರೆಯನ್ನು ಹೊರುತ್ತವೆ. ಅದೇ ಚೀಲ ಹಿಡಿದು ಜನವಿಲ್ಲದ ಬೆಟ್ಟಸಾಲಿಗೆ ಹೋದರೆ ರಾತ್ರಿಯ ಚಳಿಗೆ ಅಪಾಯ ತಪ್ಪಿದ್ದಲ್ಲ. ಆದ್ದರಿಂದ ತಕ್ಕಡಿ ಹಿಡಿಯುವ ಮೊದಲು ದಾರಿಯನ್ನು ತಿಳಿದುಕೊಳ್ಳಬೇಕು: ಎಲ್ಲಿ ನೀರು, ಎಲ್ಲಿ ಊರು, ಎಲ್ಲಿ ಸೂರು. ಒಂದು ಲೀಟರ್ ನೀರೆಂದರೆ ಒಂದು ಕೆ.ಜಿ. ಮುಂದಿನ ಹಳ್ಳ ಎಷ್ಟು ದೂರ ಎಂದು ಗೊತ್ತಿದ್ದವರು ಎರಡು ಕೆ.ಜಿ. ಕಡಿಮೆ ಹೊರುತ್ತಾರೆ. ಗೊತ್ತಿಲ್ಲದವರು ಭಯವನ್ನೂ ಸೇರಿಸಿ ಹೊರುತ್ತಾರೆ.

ಬುತ್ತಿಯಲ್ಲೂ ನೀರಿನದೇ ಲೆಕ್ಕ. ಬೇಯಿಸಿದ ಅನ್ನ 100 ಗ್ರಾಂ ಹೊತ್ತರೆ ಸಿಗುವುದು 130 ಕಿಲೋಕ್ಯಾಲರಿ. ಮೂರರಲ್ಲಿ ಎರಡು ಪಾಲಿನಷ್ಟು ನೀರೇ. ಅಷ್ಟೇ ತೂಕದ ರಾಗಿ ಹುರಿಹಿಟ್ಟಿನಲ್ಲಿ 330ಕ್ಕೂ ಮೇಲೆ, ಬೆಲ್ಲದಲ್ಲಿ 380, ಕಡಲೆಕಾಯಿ ಬೀಜದಲ್ಲಿ 560ಕ್ಕೂ ಮೇಲೆ. ಹುರಿಹಿಟ್ಟಿಗೆ ಒಲೆ ಬೇಡ, ಪಾತ್ರೆ ಬೇಡ. ನೀರೋ ಮಜ್ಜಿಗೆಯೋ ಬೆರೆಸಿ, ಬೆಲ್ಲ ಕಲಸಿ ತಿಂದರಾಯಿತು. ವಿದೇಶದ ಹಗುರ ಚಾರಣಿಗರು ಒಣಗಿಸಿದ ಊಟದ ಪೊಟ್ಟಣಗಳಿಗೆ ದುಡ್ಡು ಸುರಿದು ಪಡೆಯುವುದನ್ನು ಹುಣಸೂರು ಕಡೆಯ ಮನೆಗಳು ಬಾಣಲೆಯಲ್ಲಿ ಹುರಿದು ಡಬ್ಬಿಗೆ ತುಂಬಿಕೊಂಡು ಬಂದಿವೆ.

ಬಟ್ಟೆಯ ವಿಚಾರ ಅಂಗಡಿಯಲ್ಲಿ ಹೆಚ್ಚು ಗೊಂದಲ ಹುಟ್ಟಿಸುತ್ತದೆ. ಚೀಲದ ಮೇಲೆ 70, 210, 420 ಎಂದು ಡೆನಿಯರ್ ಬರೆದಿರುತ್ತಾರೆ. ರೇಷ್ಮೆ ನೂಲು ಬಿಚ್ಚುವವರಿಗೆ ಇದು ನಿತ್ಯದ ಮಾತು: 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಅಂಕಿ ದೊಡ್ಡದಾದಷ್ಟೂ ನೂಲು ದಪ್ಪ, ಬಟ್ಟೆ ಭಾರ, ಉಜ್ಜಾಟಕ್ಕೆ ತಾಳಿಕೆ ಹೆಚ್ಚು. ಆದರೆ ಭಾರ ತಾಳುವುದಕ್ಕೂ ಉಜ್ಜಾಟ ತಾಳುವುದಕ್ಕೂ ವ್ಯತ್ಯಾಸ ಇದೆ. 45 ಕೆ.ಜಿ. ಯೂರಿಯಾ ತುಂಬುವ ಗೊಬ್ಬರದ ಚೀಲ ನೂರು ಗ್ರಾಂ ಆಸುಪಾಸಿನದು, ಅದನ್ನು ಎತ್ತಿ ಲಾರಿಗೆ ಎಸೆದರೂ ಹರಿಯುವುದಿಲ್ಲ. ಅಂದಮೇಲೆ ಹತ್ತು ಕೆ.ಜಿ. ಹೊರುವ ಚೀಲ ಎರಡು ಕೆ.ಜಿ. ತೂಗುವುದು ಬಟ್ಟೆಯ ದೆಸೆಯಿಂದಲ್ಲ. ಜಿಪ್ಪು, ಬಕಲ್ಲು, ಜೇಬು, ಪದರಪದರದ ಫೋಮ್, ಉದ್ದುದ್ದ ಪಟ್ಟಿಗಳು ಸೇರಿ ಅಷ್ಟಾಗುತ್ತದೆ. ಮೈಗೆ 100 ಡೆನಿಯರಿನ ನೈಲಾನ್, ತಳಕ್ಕೆ 210 ಇದ್ದರೆ ನಮ್ಮ ಕಾಡುದಾರಿಗಳಿಗೆ ಸಾಕು. ಲಂಟಾನದ ಪೊದೆಗಳ ನಡುವೆ ನುಗ್ಗಬೇಕಾದವರು ಮಾತ್ರ ತುಸು ದಪ್ಪದ್ದಕ್ಕೆ ಹೋಗಲಿ.

ಮಲೆನಾಡಿನ ಮಳೆಗೆ ಯಾವ ಚೀಲವೂ ಪೂರ್ತಿ ತಡೆಯಲ್ಲ. ಹೊಲಿಗೆಯ ತೂತುಗಳಲ್ಲಿ, ಜಿಪ್ಪಿನಲ್ಲಿ ನೀರು ಇಳಿಯುತ್ತದೆ. ಒಳಬದಿಗೆ ಬಳಿದ ಪಾಲಿಯುರಿಥೇನ್ ಲೇಪನ ವರ್ಷಗಟ್ಟಲೆಯ ತೇವಕ್ಕೆ ಜಿಗುಟಾಗಿ ಪದರು ಬಿಡುತ್ತದೆ. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು ಇಟ್ಟು, ಅದರೊಳಗೆ ಸಾಮಾನು ತುಂಬಿ ಬಾಯಿ ತಿರುಚಿಕೊಳ್ಳುವುದು ಹೊರಗಿನ ಹೊದಿಕೆಗಿಂತ ಹಗುರ, ಅಗ್ಗ, ನಂಬಿಕೆಯದು. ಮಳೆಯಲ್ಲಿ ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ಹೊದ್ದು ಗದ್ದೆಗೆ ಇಳಿಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಂಬಳಿಯ ಕೊಪ್ಪೆ ಬೆಚ್ಚಗಿರುತ್ತದೆ, ನಿಜ. ಆದರೆ ಉಣ್ಣೆ ನೀರು ಹೀರುತ್ತದೆ, ನೆನೆದ ಕಂಬಳಿಯನ್ನು ದಿನವಿಡೀ ಹೊರುವುದು ಯಾರಿಗೂ ಬೇಡ.

ಕೊಳ್ಳುವಾಗ ಲೀಟರಿಗಿಂತ ಮುಖ್ಯವಾದ ಅಳತೆ ಬೆನ್ನಿನ ಉದ್ದ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಒಂದು ಮೂಳೆಗಂಟು ಎದ್ದು ಕಾಣುತ್ತದೆ. ಅಲ್ಲಿಂದ, ಎರಡೂ ಕೈಗಳನ್ನು ಸೊಂಟದ ಮೂಳೆಯ ಏಣಿನ ಮೇಲಿಟ್ಟಾಗ ಹೆಬ್ಬೆರಳುಗಳು ಬೆನ್ನ ಹಿಂದೆ ತೋರುವ ಗೆರೆಯವರೆಗೆ ಟೇಪು ಹಿಡಿದು ಅಳೆಯಬೇಕು. ಎತ್ತರದ ಆಳಿಗೆ ಗಿಡ್ಡ ಬೆನ್ನು, ಕುಳ್ಳಗಿರುವವರಿಗೆ ಉದ್ದ ಬೆನ್ನು ಇರುವುದೂ ಉಂಟು. ಎತ್ತರ ನೋಡಿ ಚೀಲ ಕೊಡುವ ಅಂಗಡಿಯಲ್ಲಿ ಕೊಳ್ಳಬೇಡಿ. ಹೆಂಗಸರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಮಾರುಕಟ್ಟೆಯ ಬಹುಪಾಲು ಚೀಲಗಳು ಗಂಡಸರ ಹೆಗಲಿನ ಅಗಲಕ್ಕೆ ಹೊಲಿದವು. ಚೀಲ ತುಂಬಿಸಿಯೇ ಹಾಕಿ ನೋಡಬೇಕು. ಮೊದಲು ಸೊಂಟಪಟ್ಟಿ ಬಿಗಿದು, ಆಮೇಲೆ ಹೆಗಲಪಟ್ಟಿ ಎಳೆದುಕೊಂಡು, ಮೆಟ್ಟಿಲು ಹತ್ತಿ ಇಳಿಯಬೇಕು. ಪಟ್ಟಿಯ ಕೆಳಗೆ ಬೆರಳು ತೂರಿದರೆ ಒತ್ತಡ ಎಲ್ಲಿ ಹೆಚ್ಚು ಎಂದು ಗೊತ್ತಾಗುತ್ತದೆ.

ಕರ್ನಾಟಕ ಸರ್ಕಾರ 2019ರಲ್ಲಿ ಹೊರಡಿಸಿದ ಆದೇಶ ಶಾಲಾಮಕ್ಕಳ ಚೀಲ ಮೈತೂಕದ ಶೇ 10ನ್ನು ಮೀರಬಾರದು ಎನ್ನುತ್ತದೆ. ಒಂದು, ಎರಡನೇ ತರಗತಿಗೆ ಒಂದೂವರೆಯಿಂದ 2 ಕೆ.ಜಿ., ಒಂಬತ್ತು, ಹತ್ತನೇ ತರಗತಿಗೆ 4ರಿಂದ 5 ಕೆ.ಜಿ. ಮಕ್ಕಳ ಚೀಲವನ್ನು ತೂಗಿ ನೋಡಿದ ತಂದೆತಾಯಿಗಳು ಎಷ್ಟು ಮಂದಿ? ಎಚ್.ಡಿ.ಕೋಟೆಯ ಕಾಡಂಚಿನ ಹಾಡಿಗಳಿಂದ ನಡೆದೇ ಶಾಲೆಗೆ ಬರುವ ಮಗುವಿಗೆ ಒಂದು ಕೆ.ಜಿ. ಹೆಚ್ಚಾದರೂ ದೊಡ್ಡದು. ಪಟ್ಟಿಗಳನ್ನು ಸಡಿಲ ಬಿಟ್ಟು ಚೀಲ ಸೊಂಟದ ಕೆಳಗೆ ಜೋತಾಡಿದರೆ ಹಿಂದೆ ಹೇಳಿದ ಸನ್ನೆಯ ಲೆಕ್ಕ ಆ ಪುಟ್ಟ ಬೆನ್ನಿನ ಮೇಲೆ ನಡೆಯುತ್ತದೆ.

ನಾಗರಹೊಳೆಯಲ್ಲಿ ಯಾವ ಚಾರಣಿಗನಿಗಿಂತಲೂ ಹೆಚ್ಚು ನಡೆಯುವವರು ಅರಣ್ಯ ಇಲಾಖೆಯ ಗಾರ್ಡುಗಳು ಮತ್ತು ವಾಚರುಗಳು. ಕಳ್ಳಬೇಟೆ ತಡೆ ಶಿಬಿರಗಳಿಂದ ನಿತ್ಯದ ಗಸ್ತು ಇದ್ದೇ ಇದೆ. ನಾಲ್ಕು ವರ್ಷಕ್ಕೊಮ್ಮೆ ಬರುವ ಹುಲಿ ಗಣತಿಯಲ್ಲಿ ಬೀಟು ಬೀಟಿನಲ್ಲೂ ಗೊತ್ತುಪಡಿಸಿದ ಹಾದಿಯಲ್ಲಿ ನಡೆದು ಹೆಜ್ಜೆ, ಲದ್ದಿ, ಮರದ ಮೇಲಿನ ಪರಚು ಗುರುತುಗಳನ್ನು ದಾಖಲಿಸುವವರೂ ಅವರೇ. ಅವರ ಕೆಲಸಕ್ಕೆ ಒಪ್ಪುವ ಚೀಲ ಹೇಗಿರಬೇಕು ಎಂದು ಈ ಅಧ್ಯಾಯದ ಲೆಕ್ಕಗಳಿಂದಲೇ ಹೇಳಬಹುದು: 30ರಿಂದ 35 ಲೀಟರ್, ಒಂದು ಕೆ.ಜಿ.ಗಿಂತ ಕಡಿಮೆ, ಎರಡು ಅಳತೆಯ ಬೆನ್ನಿನಲ್ಲಿ ಸಿಗುವಂಥದು, ಮುಳ್ಳಿಗೆ ತಾಳುವ 210 ಡೆನಿಯರಿನ ಮೈ, ತೆಳ್ಳನೆ ಚೌಕಟ್ಟು, ಅಂಗೈ ಅಗಲದ ಸೊಂಟಪಟ್ಟಿ, ಆನೆ ಎದುರಾದರೆ ಒಂದೇ ಎಳೆತಕ್ಕೆ ಬಿಚ್ಚಿ ಬಿಸಾಡಿ ಓಡಲು ಬರುವ ಬಕಲ್ಲು.